ಎರಡು ಕೋಲು, ಒಬ್ಬ ಅಜ್ಜ

ಕಣ್ಣಿಗೆ ಕಂಡದ್ದಕ್ಕೆಲ್ಲ ಬೆಳಕಿನ ನಿಯಮದಲ್ಲಿ ಉತ್ತರವಿದೆ ಎಂದು ನಂಬಿದ್ದವನು ನಾನು. ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ವಿಚಿತ್ರ ಕಂಡೆವೆಂದವರನ್ನು ನೋಡಿ ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು. ಆದರೆ ಒಮ್ಮೆ ಹಾಡುಹಗಲಲ್ಲೇ ನಾನೂ ಒಂದು ವಿಚಿತ್ರ ಕಂಡೆ!

ಎಪ್ಪತ್ತರ ದಶಕದ ಮಾತು. ನೆಗಡಿ ತಿಂಗಳುಗಟ್ಟಲೆ ಕಾಡಿ, ಬಲಹುಬ್ಬಿನ ಕೆಳಗೆ ನೋವು ಕೂತುಬಿಟ್ಟಿತ್ತು. ಒಂದು ಬೆಳಿಗ್ಗೆ ಎಲ್ಲವೂ ಎರಡೆರಡಾಗಿ ಕಂಡವು. ಒಂದು ಕಣ್ಣು ಮುಚ್ಚಿದರೆ ಒಂದು, ಎರಡೂ ತೆರೆದರೆ ಎರಡು. ಬೋರ್ಡಿನ ಮೇಲೆ ನಾನೇ ಬರೆದದ್ದನ್ನು ಓದಲಾಗಲಿಲ್ಲ. ಕಣ್ಣೇ ಹೋದರೆ ಗತಿಯೇನು? ತಪ್ಪು ಕನ್ನಡಕದ್ದೆಂದು ನಾನೇ ತೀರ್ಮಾನಿಸಿ, ಗಾಜು ಬದಲಿಸಲು, ಅದನ್ನು ಮಾಡಿಸಿದ್ದ ಹಿರಿಯೂರಿನ ಬಸ್ಸು ಹತ್ತಿದೆ. ಐಮಂಗಲದಲ್ಲಿ ಬಸ್ಸು ಕೆಟ್ಟು ನಿಂತಿತು.

ಹಾಡುಹಗಲು. ರಸ್ತೆಯ ಪಕ್ಕ ಕುರಿಮಂದೆ. ಒಂದೊಂದು ಕುರಿಯೂ ಎರಡು. ನಡುವೆ ಕಂಬಳಿ ಹೊದ್ದ ಅಜ್ಜನೊಬ್ಬ ಕೋಲೂರಿ ನಿಂತಿದ್ದ. ಕೋಲು ಎರಡಿದ್ದವು. ಅಜ್ಜ ಮಾತ್ರ ಒಬ್ಬನೇ! ಕಣ್ಣುಜ್ಜಿಕೊಂಡು ನೋಡಿದರೂ ಒಬ್ಬನೇ.

"ಯಾಕ್ರಿ ಸ್ವಾಮಿ, ಮೂಗಲ್ಲಿ ಹುಳ ಬಿದ್ದ ಟಗರಿನಂಗೆ ಕತ್ತು ವಾರೆ ಮಾಡ್ಕಂಡು ನಿಂತೀರಾ?" ಎಂದ.

"ಎಲ್ಲಾ ಎರಡೆರಡು ಕಾಣ್ತವೆ ಅಜ್ಜ."

"ಹಂಗಾರೆ ನನ್ ಕುರಿ ದುಪ್ಪಟ್ಟಾದ್ವು ಬಿಡ್ರಿ!" ಎಂದು ನಕ್ಕವನು ಹತ್ತಿರ ಬಂದು, ಕುರಿಯನ್ನು ಪರೀಕ್ಷಿಸುವ ಹಾಗೆ ನನ್ನ ಗದ್ದ ಎತ್ತಿ ಹುಬ್ಬಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ನಾನು ಚೀರಿಬಿಟ್ಟೆ.

"ಕಣ್ಣಲ್ಲ ಕಣ್ರಿ, ಮೂಗು ಕೆಟ್ಟೈತೆ. ಒಳಗಿಂದ ಕಣ್ಣು ದೂಕ್ತೈತೆ. ಕನ್ನಡಕ ಬ್ಯಾಡ, ಮೂಗು ತೋರಿಸ್ಕಳ್ರಿ. ಇವತ್ತೇ ಹೋಗ್ರಿ."

ಯಾಕೋ ಅವನ ಮಾತು ನಿಜವೆನಿಸಿ, ಎದುರಿನಿಂದ ಬಂದ ಬಸ್ಸು ಹತ್ತಿ ದಾವಣಗೆರೆಗೆ ಹೋದೆ. ಡಾಕ್ಟರು ಎಕ್ಸ್‌ರೇ ನೋಡಿದರು. ಮೂಗಿನ ಪಕ್ಕದ ಎಲುಬಿನ ಪೊಳ್ಳಿನಲ್ಲಿ ಕೀವು ತುಂಬಿ ಕಣ್ಣುಗುಡ್ಡೆಯನ್ನು ತಳ್ಳುತ್ತಿತ್ತು. ಅಂದೇ ಕೀವು ತೆಗೆದರು. ಇನ್ನೆರಡು ದಿನ ತಡವಾಗಿದ್ದರೆ ಕಣ್ಣು ಉಳಿಯುತ್ತಿರಲಿಲ್ಲವಂತೆ.

ಅಜ್ಜ ನನ್ನ ರೋಗ ಪತ್ತೆಹಚ್ಚಿದ್ದು ಕುರಿ ಸಾಕಿದ ಅನುಭವದಿಂದ. ಅದು ನನಗೆ ಅರ್ಥವಾಗುತ್ತದೆ. ಆದರೆ ಅವನು ಒಬ್ಬನೇ ಕಂಡದ್ದು? ಆಗ ನಾನು ಒಂದು ಕಣ್ಣು ಮುಚ್ಚಿದ್ದೆನೇ? ನೋವಿನಲ್ಲಿ ನೆನಪು ಕಲಸಿಹೋಯಿತೇ? ತಡೆಯಲಾರದೆ, ಗುಣವಾದ ಮೇಲೆ ಹುಡುಕಿಕೊಂಡು ಹೋಗಿ ಅಜ್ಜನನ್ನೇ ಕೇಳಿದೆ.

"ಇರಾದು ನಾನೊಬ್ನೇ. ಇನ್ನೆಷ್ಟು ಜನ ಕಾಣ್ಬೇಕಿತ್ತು ನಿಮ್ಗೆ?" ಎಂದ.

ಮಾತು ಸರಿಯಾಗಿಯೇ ಇತ್ತು. ಆದರೆ ಅವನ ಕೈಯಲ್ಲಿದ್ದ ಕೋಲೂ ಒಂದೇ; ಅಂದು ಅದು ಮಾತ್ರ ಎರಡಾಗಿ ಕಂಡಿತ್ತಲ್ಲ!