ಗಾಳಿಗೆಂದು ಇಟ್ಟ ಬಾಗಿಲು

ನಗರಗೆರೆ ಹತ್ತಿರದ ನಮ್ಮೂರಲ್ಲಿ ಮಣ್ಣಿನ ಇಟ್ಟಿಗೆಯ ಸಮುದಾಯ ಭವನ ಕಟ್ಟುವಾಗ, ನಮ್ಮ ದಲಿತ ಕೇರಿಯವರನ್ನೂ ಕೇಳಬೇಕು ಅಂತ ಇಂಜಿನಿಯರ್ ಮೇಡಂ ಹಟ ಹಿಡಿದರು. ಸಭೆ ಕರೆದದ್ದು ಗುಡಿಯ ಜಗಲಿ ಮೇಲೆ. ನಾವು ಅದನ್ನು ಹತ್ತುವ ಹಾಗಿರಲಿಲ್ಲ, ಕೆಳಗೆ ಬಿಸಿಲಲ್ಲಿ ನಿಂತೆವು.

"ನಿಮಗೇನು ಬೇಕಮ್ಮ?" ಮೇಡಂ ಕೇಳಿದರು.

"ಒಂದೇ ಬಾಗಿಲಿಡಿ, ಸಾಕು," ಅಂದಳು ನಮ್ಮಮ್ಮ.

ಮೇಡಂ ನಕ್ಕರು. ಎದುರುಬದುರು ಎರಡು ಬಾಗಿಲಿದ್ದರೆ ಚೆನ್ನಾಗಿ ಗಾಳಿಯಾಡುತ್ತೆ, ಫ್ಯಾನೇ ಬೇಕಾಗಲ್ಲ ಅಂತ ಬಿಡಿಸಿ ಹೇಳಿದರು. ಜಗಲಿ ಮೇಲಿದ್ದ ಗೌಡರಿಗೆ ಆ ಮಾತು ಬಹಳ ಹಿಡಿಸಿತು.

ಉದ್ಘಾಟನೆಯ ಊಟಕ್ಕೆ ಅಮ್ಮ ಹೊಸ ಸೀರೆ ಉಟ್ಟು ಮುಂಬಾಗಿಲಿಗೆ ಹೋದಳು. ಅಲ್ಲಿ ನಿಂತಿದ್ದ ಗೌಡರು ಹಿಂಬಾಗಿಲ ಕಡೆ ಕೈ ತೋರಿಸಿದರು.

"ಆ ಕಡೆಯಿಂದ ಬಾ. ನಿಮ್ಮನ್ನ ಕೇಳೇ ಕಟ್ಟಿಸಿದ್ದು ಕಣಮ್ಮ."