ಅರ್ಧಕ್ಕೆ ನಿಂತ ಹಾಡಿನ ಕಾವಲು

ಬೆಳಕು ಹರಿಯುವ ಮುಂಚೆಯೇ ಟ್ಯಾಕ್ಸಿ ಸ್ಟ್ಯಾಂಡಿನ ಮೂಲೆಯಲ್ಲಿ, ಹಾಡು ತುಂಬಿಸಿಕೊಡುವ ಹೆಂಗಸೊಬ್ಬರ ಗೂಡಂಗಡಿ ತೆರೆಯುತ್ತದೆ. ಆಕೆ ಲ್ಯಾಪ್‌ಟಾಪಿನ ಧೂಳು ಒರೆಸಿ ಕೂರುವಷ್ಟರಲ್ಲಿ ಮೊದಲ ಡ್ರೈವರ್ ಪೆನ್‌ಡ್ರೈವ್ ಹಿಡಿದು ನಿಂತಿರುತ್ತಾನೆ. ಅವನದೂ ಎಲ್ಲರ ಗೋಳೇ. ಫೋನಿನಲ್ಲಿ ಸೊಗಸಾಗಿ ಕೇಳುವ ಹಾಡು ಕಾರಿನ ಸ್ಟೀರಿಯೊ ಸೆಟ್ಟಿಗೆ ಹಾಕಿದರೆ ತುಟಿಪಿಟಕ್ಕೆನ್ನುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಹಳೇ ಸೆಟ್ಟು ಹಟಮಾರಿ ಮಗು ಇದ್ದ ಹಾಗೆ ಕಣಪ್ಪ. ಎಂಪಿ3 ಬಿಟ್ಟು ಬೇರೇನು ಕೊಟ್ರೂ ಉಗುಳತ್ತೆ. ಅದಕ್ಕೆ ಒಗ್ಗೋ ಹಾಗೆ ಬದಲಾಯಿಸಿ ಕೊಡ್ತೀನಿ, ಅಷ್ಟೆ," ಎನ್ನುತ್ತಾರೆ ಆಕೆ.

ದಿನಕ್ಕೆ ಇಪ್ಪತ್ತು, ಮೂವತ್ತು ಪೆನ್‌ಡ್ರೈವ್ ಬರುತ್ತವೆ. ಎಲ್ಲವನ್ನೂ ಹಲಗೆಯ ಮೇಲಿನ ಹಳೆಯ ಕಾರ್ ಸೆಟ್ಟಿನಲ್ಲಿ ಹಾಡಿಸಿ ನೋಡಿಯೇ ಕೊಡುವುದು. ಪಕ್ಕದಲ್ಲಿ ಇನ್ನೊಂದು ಸೆಟ್ಟಿದೆ. ಬ್ಯಾಟರಿಗೆ ಜೋಡಿಸಿದ ಅದನ್ನು ಯಾರೂ ಮುಟ್ಟುವಂತಿಲ್ಲ.

ಅದು ಗಂಡನ ಟ್ಯಾಕ್ಸಿಯದು. ಅವರಿಗೆಂದು ಹಾಡು ತುಂಬಿಸುತ್ತಲೇ ಆಕೆ ಈ ಕೆಲಸ ಕಲಿತದ್ದು. ಆರು ವರ್ಷದ ಹಿಂದೆ ಒಂದು ಸಂಜೆ ಅವರು ಕಾರನ್ನು ರಸ್ತೆಬದಿಗೆ ನಿಲ್ಲಿಸಿ, ಬಟನ್ ಒತ್ತಿ ಹಾಡು ತಡೆದು, ಮನೆಗೆ ಫೋನ್ ಮಾಡಿ "ಬಂದೆ ಕಣೇ" ಎಂದರು. ಬರಲಿಲ್ಲ. ಕೂತ ಸೀಟಿನಲ್ಲೇ ಎದೆಬಡಿತ ನಿಂತಿತ್ತು. ಹಾಡು ಅರ್ಧದಲ್ಲಿತ್ತು.

ಹೊಟ್ಟೆಪಾಡಿಗೆ ಕಾರು ಮಾರಬೇಕಾಯಿತು. ಸೆಟ್ಟನ್ನು ಮಾತ್ರ ಆಕೆ ಬಿಡಲಿಲ್ಲ. ಕರೆಂಟು ಒಂದು ಕ್ಷಣ ತಪ್ಪಿದರೂ ಅದು ನಿಂತ ಜಾಗ ಮರೆತು ಮೊದಲ ಹಾಡಿಗೆ ಹೋಗಿಬಿಡುತ್ತದೆ. ಹಾಗಾಗಿ ಮೆಕ್ಯಾನಿಕ್ ಮೊದಲು ಬೇರೆ ಬ್ಯಾಟರಿ ಜೋಡಿಸಿ, ಆಮೇಲೆ ಕಾರಿನ ವೈರು ಬಿಚ್ಚಿದ. ಅಂದಿನಿಂದ ಬ್ಯಾಟರಿಯ ಚಾರ್ಜ್ ಇಳಿಯದಂತೆ ಆಕೆ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಮುಂದಿನ ಅರ್ಧ ಕೇಳುವ ಧೈರ್ಯ ಬರಲಿಲ್ಲ, ಅಳಿಸುವ ಮನಸ್ಸೂ ಬರಲಿಲ್ಲ. ಯಾಕೆ ಕಾಯುತ್ತಿದ್ದೇನೆಂದು ಯಾರಿಗೂ ಹೇಳಿಕೊಂಡವರಲ್ಲ.

ಹೇಳದೇ ಇದ್ದದ್ದೇ ತಪ್ಪಾಯಿತು. ಕಳೆದ ವಾರ ಆಕೆ ನೀರು ತರಲು ಹೋದಾಗ ಡ್ರೈವರೊಬ್ಬರು ಆ ಬ್ಯಾಟರಿ ಉಬ್ಬಿರುವುದನ್ನು ನೋಡಿದರು. ಪಾಪ ಅಕ್ಕನಿಗೆ ಯಾಕೆ ಕಷ್ಟವೆಂದು ತಮ್ಮ ದುಡ್ಡಲ್ಲೇ ಹೊಸದು ತಂದು, ಹಳೆಯದನ್ನು ಕಿತ್ತು ಅದನ್ನು ಜೋಡಿಸಿದರು. ಆಕೆ ಬರುವ ಹೊತ್ತಿಗೆ ಮೊದಲ ಹಾಡು ಜೋರಾಗಿ ಮೊಳಗುತ್ತಿತ್ತು. ಬ್ಯಾಟರಿ ಹಾಕಿದವರ ಮುಖ ಊರಗಲ ಅರಳಿತ್ತು.

ಆಕೆ "ಒಳ್ಳೇದಾಯ್ತು ಕಣಪ್ಪ" ಎಂದು ಟೀ ತರಿಸಿಕೊಟ್ಟರು. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು, ಒಂದೊಂದೇ ಹಾಡು ದಾಟಿಸಿ, ಅದೇ ಹಾಡಿಗೆ, ಸೆಟ್ಟಿನ ಪರದೆಯಲ್ಲಿ ಆರು ವರ್ಷ ಕಂಡಿದ್ದ ಅದೇ ಸೆಕೆಂಡಿನ ಜಾಗಕ್ಕೆ ತಂದು ನಿಲ್ಲಿಸಿದರು.

"ಜಾಗ ಅದೇನೇ. ಆದ್ರೆ ಈ ಸಲ ನಿಲ್ಲಿಸಿದ್ದು ನನ್ನ ಕೈ. ಅವರದಲ್ಲ."

ಇಷ್ಟು ಹೇಳಿ ಆಕೆ ಮುಂದಿನ ಪೆನ್‌ಡ್ರೈವ್ ಕೈಗೆತ್ತಿಕೊಳ್ಳುತ್ತಾರೆ. ಏನಾದರೂ ಆಸೆಯಿದೆಯೇ ಎಂದು ನಾನು ಕೇಳಿದರೆ, ಅದನ್ನು ಲ್ಯಾಪ್‌ಟಾಪಿಗೆ ಚುಚ್ಚುತ್ತ ಹೇಳುತ್ತಾರೆ.

"ಪೇಪರಲ್ಲಿ ಹಾಕೋದಾದ್ರೆ, ಬ್ಯಾಟರಿ ಹಾಕಿದ್ದು ಯಾರು ಅಂತ ಬರೀಬೇಡಿ. ಸ್ಟ್ಯಾಂಡಿನವರೆಲ್ಲ ಬೊಟ್ಟು ಮಾಡಿದ್ರೆ ಅವರೂ ಜೀವಮಾನವಿಡೀ ಕೊರಗ್ತಾರೆ. ಕೊರಗೋಕೆ ನಾನೊಬ್ಬಳು ಸಾಕು."