ಗುಹೆಯ ಬಾಯಲ್ಲಿ ಕೂತವರು ಓಗೊಡಬೇಕು

ಮಕ್ಕಳೇ, ಕಳೆದ ಸಲ ಬಂದಾಗ ನೀವು ಕೇಳಿದಿರಿ, "ಅಜ್ಜೀ, ಗುಡ್ಡದ ಗುಹೆಯಲ್ಲಿ ಭೂತ ನಿನ್ನ ಕಾಲು ಹಿಡ್ಕೊಂಡಿತ್ತಂತೆ, ಹೌದಾ?" ಅಂತ. ನಾನು ನಕ್ಕು ಸುಮ್ಮನಾದೆ. ಎದುರಿಗೆ ಮಾತಾಡುವುದು ನನಗೆ ಯಾವತ್ತೂ ಬಂದದ್ದಲ್ಲ. ಆದರೆ ನೀವು ಹೋದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ. ಇಷ್ಟು ವರ್ಷವಾದರೂ ಆ ಸುಳ್ಳು ಇನ್ನೂ ಓಡಾಡಿಕೊಂಡು ಇದೆಯಲ್ಲ! ನೀವು ಆ ಗುಹೆಗೆ ಹೋಗುವ ಮಾತಾಡಿಕೊಂಡದ್ದೂ ನನ್ನ ಕಿವಿಗೆ ಬಿದ್ದಿದೆ. ಹೋಗಿ, ಬೇಡ ಅನ್ನುವುದಿಲ್ಲ. ಇದನ್ನು ಓದಿಕೊಂಡು ಹೋಗಿ.

ನಾನು ಹುಟ್ಟಿದ್ದು ಮರವಂತೆಯಲ್ಲಿ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಗುಡ್ಡವೆಂದರೆ ದೂರದಲ್ಲಿ ನೀಲಿಯಾಗಿ ಕಾಣುವುದು ಅಷ್ಟೇ ಅಂದುಕೊಂಡಿದ್ದೆ. ಮದುವೆಯಾಗಿ ಶಂಕರನಾರಾಯಣದ ಕಡೆಗೆ ಬಂದದ್ದು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ನಿಮ್ಮ ಅಜ್ಜ ಆಗ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನೆಯಲ್ಲಿ ಅತ್ತೆ, ನಿಮ್ಮ ಅಜ್ಜನ ಅಣ್ಣ ಅಂದರೆ ನನ್ನ ಬಾವ, ಅವರ ಹೆಂಡತಿ. ಮಾವ ತೀರಿಹೋಗಿದ್ದರು.

ಮನೆಯ ಹಿಂದಿನ ಗುಡ್ಡದಲ್ಲಿ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ಗುಹೆ. ಅದರ ಒಳಗಿನ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಹರಿದು ನಮ್ಮ ಅಂಗಳದ ಕಲ್ಲುಮರಿಗೆಗೆ ಬೀಳುತ್ತಿತ್ತು. ಬಾವಿ ಬತ್ತುವ ಬೇಸಿಗೆಯಲ್ಲಿ ಕುಡಿಯಲು ಅದೊಂದೇ. ಸುಗ್ಗಿ ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಒಳಗೆ ಹೋಗಿ ಒರತೆಯ ಬಾಯಿಯ ಕೆಸರು ತೆಗೆಯಬೇಕು. ಕೊನೆಯ ಇಕ್ಕಟ್ಟಿನಲ್ಲಿ ಗಂಡಸರ ಹೆಗಲು ಹಿಡಿಯುತ್ತಿರಲಿಲ್ಲ. ಅತ್ತೆ ಮೂವತ್ತು ವರ್ಷ ಆ ಕೆಲಸ ಮಾಡಿದ್ದರು. ಗುಹೆಯ ಬಾಯಲ್ಲಿ ಮಾವ ಹಗ್ಗ ಹಿಡಿದು ಕೂರುತ್ತಿದ್ದರಂತೆ. ಈಗ ಅತ್ತೆಯ ಮಂಡಿ ಸೋತಿತ್ತು, ನಾನು ಸಪೂರ ಇದ್ದೆ.

ಮೊದಲ ವರ್ಷ ಅತ್ತೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದರು. ಚಪ್ಪಲಿ ಹೊರಗೆ ಬಿಡಿಸಿ, ಕೋಲಿನಿಂದ ನೆಲಕ್ಕೆ ನಾಲ್ಕು ಸಲ ಬಡಿದು, ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟು ಹೊತ್ತು ಗುಹೆಯ ಬಾಗಿಲಲ್ಲೇ ಕೂತರು.

"ಎಂತಕೆ ಅತ್ತೆ ಕೂತದ್ದು?"

"ಒಳ್ಗೆ ಇದ್ದವ್ಕೆ ಗೊತ್ತಾಯ್ಕಲೆ. ಹಾವೋ ಮುಳ್ಳುಹಂದಿಯೋ, ಅವ್ರ ಮನೆ ಅದ್. ನಾವ್ ನೆಂಟ್ರ್. ಹೇಳ್ದೆ ಕೇಳ್ದೆ ನುಗ್ಗುಕಾತ್ತಾ?"

ಹಗ್ಗದ ಒಂದು ತುದಿ ಹೊರಗಿನ ಮರಕ್ಕೆ, ಇನ್ನೊಂದು ನಮ್ಮ ಕೈಗೆ, ನಡುವೆ ಬಾಯಲ್ಲಿ ಕೂತವರು ಅದನ್ನು ಹಿಡಿದಿರಬೇಕು. ಲಾಟೀನನ್ನು ಪಾದದ ಮಟ್ಟದಲ್ಲಿ ಹಿಡಿಯಬೇಕು. ಕೆಟ್ಟ ಗಾಳಿ ತಗ್ಗಿನಲ್ಲಿ ನಿಂತಿರುತ್ತದೆ, ಬೆಂಕಿ ಸಣ್ಣಗಾದರೆ ಮರುಮಾತಿಲ್ಲದೆ ತಿರುಗಬೇಕು. ಸೊಂಟದಲ್ಲಿ ಇನ್ನೊಂದು ಮೇಣದ ಬತ್ತಿ, ಬೆಂಕಿಪೆಟ್ಟಿಗೆ. ಒಂದು ಕಡೆ ನಾನು ಬೆರಗಾಗಿ ಲಾಟೀನು ಮೇಲೆತ್ತಿದೆ. ಅತ್ತೆ ಕೈಗೆ ಪಟ್ ಅಂತ ಹೊಡೆದರು. ಮೇಲೆ ಬಾವಲಿಗಳು ಮರಿಗಳನ್ನು ಅಪ್ಪಿಕೊಂಡು ನೇತಾಡುತ್ತಿದ್ದವು. "ಬಾಣಂತಿ ಕೋಣೆಗೆ ದೀಪ ಹಿಡ್ದ್ ಇಣ್ಕ್ತ್ಯಾ ನೀನ್?" ಅಂದರು. ಮೋಡ ಕಂಡ ದಿನ ಹೋಗಕೂಡದು, ಮನೆಯಲ್ಲಿ ಹೇಳದೆ ಹೋಗಕೂಡದು, ಕೆಸರು ಬಿಟ್ಟು ಒಂದು ಹರಳೂ ತರಕೂಡದು.

ಎಲ್ಲದಕ್ಕಿಂತ ದೊಡ್ಡದು ಒಂದಿತ್ತು. ಪ್ರತಿ ತಿರುವಿನಲ್ಲಿ ನಿಂತು "ಹ್ವಾಯ್" ಎಂದು ಕೂಗಬೇಕು, ಬಾಯಲ್ಲಿ ಕೂತವರು "ಓ" ಅನ್ನಬೇಕು. ಓಗೊಡದಿದ್ದರೆ ಒಂದು ಹೆಜ್ಜೆ ಮುಂದೆ ಇಡಬಾರದು, ಬಂದ ದಾರಿಯಲ್ಲಿ ವಾಪಸು. ಆ ವರ್ಷ ಕೂಗಿದ್ದು ಅತ್ತೆ, ಬಾಯಲ್ಲಿ ಕೂತು ಓಗೊಟ್ಟದ್ದು ನನ್ನ ಓರಗಿತ್ತಿ.

ಎರಡನೇ ವರ್ಷ ಅತ್ತೆಗೆ ಗುಡ್ಡ ಹತ್ತಲು ಆಗಲಿಲ್ಲ. ಓರಗಿತ್ತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಬಾಯಲ್ಲಿ ಕೂರಲು ಬಾವನೇ ಬಂದರು.

ನಿಮಗೆ ಇದು ಅರ್ಥವಾಗುವುದು ಕಷ್ಟ. ಆ ಮನೆಯಲ್ಲಿ ತಮ್ಮನ ಹೆಂಡತಿ ಬಾವನೆದುರು ದನಿ ಎತ್ತುವಂತಿರಲಿಲ್ಲ. ಬಾವ ತಮ್ಮನ ಹೆಂಡತಿಯನ್ನು ನೇರವಾಗಿ ಕರೆಯುವಂತಿರಲಿಲ್ಲ. ಎರಡು ವರ್ಷದಲ್ಲಿ ಅವರು ನನ್ನ ಜೊತೆ ಒಂದು ಮಾತಾಡಿರಲಿಲ್ಲ. ಬಾಯಾರಿದರೆ ಕಂಬದ ಕಡೆ ನೋಡಿ "ನೀರ್ ಬೇಕಿತ್ತ್" ಅನ್ನುವರು. ನಾನು ತಂದು ಕಂಬದ ಬುಡದಲ್ಲಿ ಇಡುವೆ. ಅಂಥವರು ಗುಹೆಯ ಹೊರಗೆ, ನಾನು ಒಳಗೆ.

ಮೊದಲ ತಿರುವು ಬಂತು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಎರಡನೆಯದರಲ್ಲೂ ಹಾಗೇ. ಸುಮ್ಮನೆ ಮುಂದೆ ಹೋದೆ. ಇಕ್ಕಟ್ಟಿನಲ್ಲಿ ತೂರಿ ಅಡಿಕೆ ಹಾಳೆಯಲ್ಲಿ ಕೆಸರು ಗೋರುತ್ತಿರುವಾಗ ಕಾಲ ಕೆಳಗಿನ ಕಲ್ಲು ಜಾರಿ ಬಲಗಾಲು ಸೀಳಿನೊಳಗೆ ಹೋಯಿತು. ಬಿದ್ದೆ. ಲಾಟೀನು ಆರಿತು, ಸೊಂಟದ ಬೆಂಕಿಪೆಟ್ಟಿಗೆ ನೀರಿಗೆ ಬಿತ್ತು. ಹಗ್ಗ ಜಗ್ಗಿದೆ. ಅದು ಎಲ್ಲೋ ಕಲ್ಲಿನ ಮೂಲೆಗೆ ಸಿಕ್ಕಿಕೊಂಡಿತ್ತು, ಅಲುಗಲಿಲ್ಲ.

ಕೂಗಬಹುದಿತ್ತು. ಕೂಗಲಿಲ್ಲ! ಕೂಗಿದರೆ ಬಾವ ಒಳಗೆ ಬಂದಾರು, ಸೀರೆ ಮಂಡಿಯ ಮೇಲೆ ಕಟ್ಟಿದ್ದೇನೆ, ನೋಡಿಯಾರು ಎಂದು ಆ ಕತ್ತಲೆಯಲ್ಲಿ ಸೀರೆ ಇಳಿಸಲು ನೋಡಿದೆ. ಕಾಲು ಬಿಡಿಸಿಕೊಳ್ಳುವ ಮೊದಲು! ಇಪ್ಪತ್ತು ವರ್ಷದ ಹೆಣ್ಣಿನ ತಲೆಯಲ್ಲಿ ಇಂಥದ್ದನ್ನು ತುಂಬಿದವರು ಯಾರು? ಸಾಯುವುದಕ್ಕಿಂತ ಮಂಡಿ ಕಾಣುವುದು ದೊಡ್ಡ ವಿಷಯ ಎಂದು ಕಲಿಸಿದ್ದರಲ್ಲ, ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೂ ಇದೆ.

ಹೊರಗೆ ಬಾವನಿಗೆ ಒಂದು ಕೂಗೂ ಕೇಳಿಸಲಿಲ್ಲ. ಏನೋ ಆಗಿದೆ ಎಂದು ಅವರಿಗೆ ಗೊತ್ತಾಗಿತ್ತು. ಆಗ ಆ ಮನುಷ್ಯ ಮಾಡಿದ್ದೇನು? ಒಂದು ಸಲ "ಹ್ವಾಯ್" ಅನ್ನಲಿಲ್ಲ. ಜಾಗ ಬಿಟ್ಟು ಗುಡ್ಡ ಇಳಿದು ಮನೆಗೆ ಹೋದರು, ನನ್ನನ್ನು ಕರೆಯಬಲ್ಲ ಹೆಂಗಸನ್ನು ಕರೆತರಲು! ಮಂಡಿ ನೋವಿನ ಮುದುಕಿಯನ್ನು ಹೆಗಲು ಕೊಟ್ಟು ಹತ್ತಿಸಿಕೊಂಡು ಬರುವವರೆಗೆ ನಾನು ಸೊಂಟದವರೆಗಿನ ತಣ್ಣೀರಿನಲ್ಲಿ ಕೂತಿದ್ದೆ. ಎಷ್ಟು ಹೊತ್ತು, ಹೇಳಲಾರೆ. ಕಾಲಿನಲ್ಲಿ ಸ್ಪರ್ಶವೇ ಇರಲಿಲ್ಲ.

ಕೊನೆಗೆ ಅತ್ತೆಯ ದನಿ ಬಂತು. "ಹ್ವಾಯ್! ಇದ್ಯನೇ ಮಾರಾಯ್ತಿ?"

"ಇದ್ದೆ ಅತ್ತೆ! ಕಾಲ್ ಸಿಕ್ಕಂಡಿತ್!" ನನ್ನ ದನಿಗೆ ನಾನೇ ಬೆಚ್ಚಿದೆ.

"ಎಳೀಬೇಡ! ಸುತ್ತ ಕೆಸ್ರ್ ತೆಗಿ. ಬಳೆ ತೆಗುವಾಗ ಕೈ ಮಡ್ಚ್ತಿಲ್ಯಾ, ಹಾಂಗೆ ಪಾದ ಮಡ್ಚ್. ಹಿಮ್ಮಡಿ ಮೊದ್ಲ್!"

ಹಿಮ್ಮಡಿ ಬಂತು, ಚರ್ಮ ಕಿತ್ತು ಕಾಲೂ ಬಂತು. ಹಗ್ಗ ಸವರಿಕೊಂಡು ತೆವಳಿ ಹೊರಗೆ ಬಂದೆ. ಅತ್ತೆ ನನ್ನನ್ನು ತಬ್ಬಿಕೊಂಡು ಮಗನ ಮೇಲೆ ಹರಿಹಾಯ್ದರು.

"ಹಗ್ಗ ಬಿಟ್ಟ್ ಬಂದ್ಯಲ್ಲ, ನಿಂಗೆ ಬಾಯಿ ಇಲ್ಯಾ?"

"ನಾನ್ ಕರುದ್ ಹ್ಯಾಂಗ್ ಅಬ್ಬಿ? ತಮ್ಮನ ಹೆಂಡ್ತಿ ಅಲ್ದಾ?"

"ಅವ್ಳ್ ಹೆಣ ಆಗ್ ಬಂದಿರೆ ಕರೀತಿದ್ಯಾ?"

ಬಾವ ಮರದ ಕಡೆ ನೋಡಿದರು.

ಮೂರು ದಿನದಲ್ಲಿ ಊರಿಗೆಲ್ಲ ಸುದ್ದಿ. ಗುಹೆಯ ಭೂತ ಸೊಸೆಯ ಕಾಲು ಹಿಡಿಯಿತಂತೆ, ಅವಳು ಮುಟ್ಟಾದದ್ದನ್ನು ಮುಚ್ಚಿಟ್ಟು ಹೋಗಿದ್ದಳಂತೆ. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಕೊಡ ಕಂಡರೆ ಸರಿಯುತ್ತಿದ್ದರು. ಕಲ್ಲು ಜಾರಿದ್ದು, ಕೂಗದೆ ಇದ್ದದ್ದು, ಓಗೊಡದೆ ಇದ್ದದ್ದು, ಮೂರೂ ಬಾವನಿಗೆ ಗೊತ್ತಿತ್ತು. ಅಂಗಡಿ ಜಗಲಿಯಲ್ಲಿ ಅವರೆದುರೇ ಜನ ಹಾಗೆ ಹೇಳುವಾಗ "ಅಲ್ಲ" ಎಂಬ ಎರಡಕ್ಷರ ಅವರ ಬಾಯಿಂದ ಬರಲಿಲ್ಲ. ಭೂತದ ಮೇಲೆ ಹಾಕಿದರೆ ತನ್ನ ತಪ್ಪು ಮುಚ್ಚುತ್ತದಲ್ಲ! ಆ ಗುಹೆಯಲ್ಲಿ ನನಗೆ ಕೇಡು ಮಾಡಿದ್ದು ಯಾವುದೂ ಇರಲಿಲ್ಲ. ಹಾವು ದಾರಿ ಬಿಟ್ಟಿತ್ತು, ಬಾವಲಿ ತನ್ನ ಪಾಡಿಗೆ ಇತ್ತು.

ಮರುವರ್ಷ ಮರಿಗೆಗೆ ಬೀಳುವ ನೀರು ಬೆರಳಿನಷ್ಟು ಸಪೂರವಾಯಿತು. ಹೆಂಗಸರು ಇನ್ನು ಗುಹೆಗೆ ಹೋಗಬಾರದು ಎಂದಿದ್ದ ಗಂಡಸರು ಈಗ ಮುಖ ಮುಖ ನೋಡಿಕೊಂಡರು. ಒಂದು ಬೆಳಿಗ್ಗೆ ನಾನು ಹಾಳೆ, ಲಾಟೀನು ಹಿಡಿದು ಅಂಗಳಕ್ಕೆ ಬಂದು ಬಾವನೆದುರು ನಿಂತೆ.

"ಬಾವ, ನಾನ್ ಹೋತೆ. ಕೂಗ್ತೆ. ನೀವ್ ಓ ಅನ್ಕ್."

ಅವರು ಅತ್ತೆಯ ಕಡೆ ತಿರುಗಿ, "ಆಯ್ತ್ ಅಂದೇಳಿ ಹೇಳ್ ಅವ್ಳಿಗೆ" ಅಂದರು.

ಗುಹೆಯ ಬಾಗಿಲಲ್ಲಿ ಬಾವ ಕೂತರು. ನಾನು ಕೋಲು ಬಡಿದು ಕಾದು ಒಳಗೆ ಹೋದೆ. ಮೊದಲ ತಿರುವಿನಲ್ಲಿ ಕೂಗಿದೆ. ಏನೂ ಕೇಳಿಸಲಿಲ್ಲ. ಒಂದು ಹೆಜ್ಜೆಯೂ ಮುಂದಿಡದೆ ತಿರುಗಿ ಹೊರಗೆ ಬಂದೆ.

"ಎಂತ ಆಯ್ತ್?" ಬಾವ ಗಾಬರಿಯಿಂದ ನನ್ನನ್ನೇ ಕೇಳಿಬಿಟ್ಟರು.

"ನೀವ್ ಓ ಅನ್ಲಿಲ್ಲ."

"ಅಂದಿದೆ. ಸಣ್ಣಕ್ಕೆ."

"ನಂಗೆ ಕೇಂಬಾಂಗೆ ಹೇಳ್ಕ್."

ಮತ್ತೆ ಒಳಗೆ ಹೋದೆ. ಮತ್ತೆ ಕೂಗಿದೆ. ಈ ಸಲ "ಓ" ಎಂದು ಬಂದದ್ದು ಗುಹೆಯೆಲ್ಲ ತುಂಬಿ, ಗೋಡೆಗೆ ಬಡಿದು, ನನ್ನ ಹಿಂದಿನಿಂದಲೂ ಬಂದ ಹಾಗಾಯಿತು. ಅಷ್ಟು ದೊಡ್ಡ ಗಂಟಲು ಆ ಮನುಷ್ಯನಿಗೆ ಇತ್ತು. ನಾನು ನೀರಿನಲ್ಲಿ ಕೂತಿದ್ದ ವರ್ಷವೂ ಇತ್ತು.